ಅನ್ನ ಬಿಟ್ಟವರ ಹಸಿವು

ಎರಡು ವರ್ಷಗಳ ಕೆಳಗೆ ಬಂಧುಗಳ ಮನೆಯ ಮದುವೆಯೊಂದಕ್ಕೆ ನಾವು ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನಮ್ಮೆದುರಿಗೆ ಕುಳಿತಿದ್ದ ಗೃಹಿಣಿಯೊಬ್ಬರು, ಬಡಿಸುವವರು ಅನ್ನ ತಂದೊಡನೆ ಎಲೆಯ ಮೇಲೆ ಎರಡು ಕೈಗಳನ್ನೂ ಅಡ್ಡ ಹಿಡಿದರು. ಕೋಸಂಬರಿ, ಪಲ್ಯ, ಮಜ್ಜಿಗೆ, ಇಷ್ಟರಲ್ಲಿಯೇ ಅವರ ಊಟವು ಮುಗಿಯಿತು. ಹೋಳಿಗೆಯ ಕಡೆಗೆ ಅವರು ಕಣ್ಣೆತ್ತಿ ಸಹ ನೋಡಲಿಲ್ಲ. “ಅನ್ನ ಬಿಟ್ಟು ಆರು ತಿಂಗಳಾಯಿತು, ಒಂಬತ್ತು ಕಿಲೋ ಇಳಿದಿದ್ದೇನೆ. ಹಸಿವು ಎಂಬುದೇ ಇಲ್ಲ ನೋಡಿ” ಎಂದು ಅವರು ಹೇಳಿದಾಗ ಪಂಕ್ತಿಯವರೆಲ್ಲರೂ ಅವರ ಮನೋನಿಗ್ರಹವನ್ನು ಕೊಂಡಾಡಿದರು.

ಕಳೆದ ತಿಂಗಳು ಅದೇ ಮನೆಯ ನಾಮಕರಣದಲ್ಲಿ ಆಕೆಯನ್ನು ಮತ್ತೆ ಕಂಡೆವು. ಇಳಿದಿದ್ದ ಒಂಬತ್ತು ಕಿಲೋಗಳಲ್ಲಿ ಎಂಟು ಮರಳಿ ಬಂದಿದ್ದವು. ಅವರ ಸೋದರತ್ತೆಯವರು ಎಲ್ಲರ ಎದುರಿನಲ್ಲಿಯೇ, “ಏನಮ್ಮಾ, ನಾಲಗೆ ಕಟ್ಟುವುದೆಂದರೆ ಅಷ್ಟು ಸುಲಭವೆಂದುಕೊಂಡೆಯಾ? ಬಡಿಸಪ್ಪಾ, ಇವಳಿಗೆ ಇನ್ನೊಂದು ಹೋಳಿಗೆ ಬಡಿಸು” ಎಂದು ನಕ್ಕರು. ಆಕೆಯೂ ನಕ್ಕರು. ಆದರೆ ಕೈ ತೊಳೆಯುವ ಸ್ಥಳದಲ್ಲಿ ನಮ್ಮನ್ನು ಕಂಡು, “ನೀವು ಓದಿ ಬರೆಯುವವರು, ಹೇಳಿ. ಆಗ ಇಲ್ಲದ ಹಸಿವು ಈಗ ಎಲ್ಲಿಂದ ಬಂತು? ನಾನೇನೂ ಕದ್ದು ತಿನ್ನಲಿಲ್ಲ. ತಡೆಯುವಷ್ಟು ದಿನ ತಡೆದೆ, ಆಮೇಲೆ ಆಗಲಿಲ್ಲ” ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಆಗ ನಾವು ಸಮಾಧಾನದ ಎರಡು ಮಾತುಗಳನ್ನು ಹೇಳಿ ಬಂದೆವು. ಆ ಪ್ರಶ್ನೆಗೆ ತಕ್ಕ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸುತ್ತೇವೆ. ಆಕೆಯಂತೆಯೇ ಮನಸ್ಸಿನಲ್ಲಿ ನೊಂದುಕೊಂಡಿರುವವರು ನಮ್ಮ ವಾಚಕರಲ್ಲಿಯೂ ಅನೇಕರಿರಬಹುದು.

ಮೈ ಕರಗಬೇಕಾದರೆ ಹಿಟ್ಟಿನ ಅಂಶವನ್ನೂ ಸಕ್ಕರೆಯ ಅಂಶವನ್ನೂ ಬಿಡಬೇಕೆಂಬ ಮತವು ಇತ್ತೀಚಿನದೆಂದು ಹಲವರು ತಿಳಿದಿರುವುದುಂಟು. ಅದು ನಿಜವಲ್ಲ. ಒಂದೂವರೆ ಶತಮಾನಕ್ಕೂ ಹಿಂದೆ ಲಂಡನ್ ನಗರದಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಮಹನೀಯನಿದ್ದನು. ಶವಸಂಸ್ಕಾರದ ಏರ್ಪಾಡುಗಳನ್ನು ಮಾಡಿಕೊಡುವುದು ಅವನ ಮನೆತನದ ವೃತ್ತಿ. ೧೮೬೨ರಲ್ಲಿ ಅವನಿಗೆ ಅರವತ್ತೈದು ವರ್ಷ ದಾಟಿತ್ತು. ಎತ್ತರ ಐದು ಅಡಿ ಐದು ಅಂಗುಲ. ತೂಕ ೨೦೨ ಪೌಂಡು, ಎಂದರೆ ಸುಮಾರು ೯೨ ಕಿಲೋಗ್ರಾಂ. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಮಂಡಿಯ ಮೇಲೆ ಭಾರ ಬೀಳದಿರಲೆಂದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯಬೇಕಾಗಿತ್ತು.

ಇವನು ಕೈಕಟ್ಟಿ ಕುಳಿತವನಲ್ಲ. ಬಿಸಿನೀರಿನ ಹಬೆಯ ಸ್ನಾನಗಳನ್ನು ಮಾಡಿದನು, ಔಷಧಗಳನ್ನು ಕುಡಿದನು, ಊಟವನ್ನು ಕಡಿಮೆ ಮಾಡಿದನು. ವೈದ್ಯಮಿತ್ರನೊಬ್ಬನ ಮಾತಿನಂತೆ ಪ್ರತಿದಿನ ಬೆಳಗ್ಗೆ ದೋಣಿಗೆ ಹುಟ್ಟು ಹಾಕಿದನು. ಅದರಿಂದ ತೋಳಿಗೆ ಬಲ ಬಂದಿತು. ಜೊತೆಗೆ ವಿಪರೀತ ಹಸಿವೂ ಬಂದಿತು. ಹಸಿವಿಗೆ ತಕ್ಕಂತೆ ಉಂಡನು. ಉಂಡಂತೆ ತೂಕವು ಇನ್ನೂ ಏರಿತು. ಕಡೆಗೆ ಆ ವೈದ್ಯಮಿತ್ರನೇ ದೋಣಿಯನ್ನು ಬಿಡುವಂತೆ ಹೇಳಬೇಕಾಯಿತು. ಸಭೆಗಳಲ್ಲಿಯೂ ಬಂಡಿಗಳಲ್ಲಿಯೂ ಜನರು ಆಡುವ ಕುಹಕದ ಮಾತುಗಳಿಗೆ ಅಂಜಿ ತಾನು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದೆನೆಂದು ಅವನು ಬರೆದುಕೊಂಡಿದ್ದಾನೆ. ಸೋದರತ್ತೆಯವರ ಹೋಳಿಗೆಯ ಮಾತನ್ನು ಕೇಳಿದ ನಮಗೆ ಈ ಸಂಗತಿಯು ವಿಶೇಷವಾಗಿ ಮನಸ್ಸಿಗೆ ತಾಗಿತು.

ಕೊನೆಗೆ ಅವನು ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿಗೆ ಹೋದನು. ಯಕೃತ್ತಿನಲ್ಲಿ ಸಕ್ಕರೆಯು ಹುಟ್ಟುವ ವಿಷಯವಾಗಿ ಪ್ಯಾರಿಸ್ಸಿನಲ್ಲಿ ಕ್ಲೋದ್ ಬರ್ನಾರ್ ಎಂಬ ಶಾಸ್ತ್ರಜ್ಞನು ಮಾಡಿದ ಉಪನ್ಯಾಸಗಳನ್ನು ಹಾರ್ವೆಯು ಕೇಳಿದ್ದನು. ಅವನು ರೋಗಿಯನ್ನು ಪರೀಕ್ಷಿಸಿ, ಕಿವಿಯ ತೊಂದರೆಗೆ ಬೊಜ್ಜೇ ಕಾರಣವೆಂದು ಹೇಳಿ, ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆ ಇವುಗಳನ್ನು ಬಿಡಿಸಿದನು; ಮಾಂಸ, ಮೀನು, ತರಕಾರಿಗಳನ್ನು ಉಣ್ಣಲು ಹೇಳಿದನು. ಒಂದು ವರ್ಷದಲ್ಲಿ ಬ್ಯಾಂಟಿಂಗನು ೪೬ ಪೌಂಡು ಇಳಿದನು. ೧೮೬೩ರಲ್ಲಿ ತನ್ನ ಅನುಭವವನ್ನು ಒಂದು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಮೊದಲು ಧರ್ಮಾರ್ಥವಾಗಿಯೇ ಹಂಚಿದನು. ಅದು ಎಷ್ಟು ಪ್ರಸಿದ್ಧವಾಯಿತೆಂದರೆ ಅವನ ಹೆಸರೇ ಒಂದು ಕ್ರಿಯಾಪದವಾಯಿತು. ಸ್ವೀಡನ್ ದೇಶದ ಭಾಷೆಯಲ್ಲಿ ಮೈ ಇಳಿಸಲು ಪಥ್ಯ ಮಾಡುವುದಕ್ಕೆ ಇಂದಿಗೂ ‘ಬಾಂಟಾ’ ಎಂದೇ ಹೇಳುತ್ತಾರೆ. ಬ್ಯಾಂಟಿಂಗನು ಎಂಬತ್ತೊಂದು ವರ್ಷ ಬದುಕಿ ೧೮೭೮ರಲ್ಲಿ ತೀರಿಕೊಂಡನು. ಮುಂದೆ ೧೯೭೨ರಲ್ಲಿ ಅಮೆರಿಕದ ಡಾಕ್ಟರ್ ರಾಬರ್ಟ್ ಆಟ್ಕಿನ್ಸ್ ಬರೆದ ಪುಸ್ತಕದಿಂದ ಈ ಮತವು ಮತ್ತೊಮ್ಮೆ ಲೋಕದಲ್ಲೆಲ್ಲ ಹಬ್ಬಿತು.

ಈ ಪಥ್ಯವನ್ನು ಹಿಡಿದವರಿಗೆ ಮೊದಮೊದಲು ಹಸಿವು ಅಡಗುವುದೇಕೆ? ಇದನ್ನು ಸ್ವಲ್ಪ ವಿಚಾರಿಸೋಣ. ಅಕ್ಕಿ, ಗೋಧಿ, ರಾಗಿ, ಗೆಡ್ಡೆಗಳು, ಸಕ್ಕರೆ, ಬೆಲ್ಲ ಇವುಗಳಲ್ಲಿ ಮುಖ್ಯವಾಗಿರುವ ದ್ರವ್ಯಕ್ಕೆ ಶರ್ಕರಪಿಷ್ಟವೆಂದು ಹೆಸರು. ಅದನ್ನು ಬಿಟ್ಟವನು ಹೊಟ್ಟೆ ತುಂಬಿಸಿಕೊಳ್ಳಲು ಬೇಳೆ, ಮೊಟ್ಟೆ, ಮೀನು, ಮೊಸರು, ಪನೀರು ಮುಂತಾದವುಗಳ ಕಡೆಗೆ ತಿರುಗುತ್ತಾನೆ. ಇವುಗಳಲ್ಲಿ ಸಸಾರಜನಕ, ಎಂದರೆ ಈಗ ಎಲ್ಲರೂ ಪ್ರೋಟೀನ್ ಎನ್ನುವ ದ್ರವ್ಯ, ಹೆಚ್ಚಾಗಿರುತ್ತದೆ. ಹಸಿವನ್ನು ತಣಿಸುವುದರಲ್ಲಿ ಮಿಕ್ಕ ಆಹಾರದ್ರವ್ಯಗಳಿಗಿಂತ ಸಸಾರಜನಕವು ಮೇಲು. ಎರಡನೆಯದಾಗಿ, ಶರ್ಕರಪಿಷ್ಟವು ತೀರ ಕಡಿಮೆಯಾದಾಗ ದೇಹವು ಕೊಬ್ಬನ್ನು ಉರಿಸಿ ಕೀಟೋನ್‌ಗಳೆಂಬ ದ್ರವ್ಯಗಳನ್ನು ಮಾಡಿಕೊಳ್ಳುತ್ತದೆ. ಇವು ರಕ್ತದಲ್ಲಿರುವವರೆಗೆ ಹಸಿವಿನ ಕೂಗು ತಗ್ಗಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಮೂರನೆಯದು ಸಾಮಾನ್ಯ ವಿವೇಕಕ್ಕೆ ತಿಳಿಯುವಂಥದು. ಬಿಸ್ಕತ್ತು, ಚಕ್ಕುಲಿ, ಕೋಡುಬಳೆ, ಬೋಂಡ, ಮಿಠಾಯಿ ಇವುಗಳೆಲ್ಲ ಒಂದೇ ಏಟಿಗೆ ನಿಷಿದ್ಧವಾದ ಮೇಲೆ ಕೈ ಹೋಗುವ ಡಬ್ಬಿಗಳೇ ಕಡಿಮೆಯಾಗುತ್ತವೆ.

ಮೊದಲನೆಯ ವಾರದಲ್ಲಿಯೇ ಎರಡು ಕಿಲೋ ಇಳಿಯಿತೆಂದು ಹಿಗ್ಗುವವರು ಇನ್ನೊಂದು ಮಾತನ್ನು ತಿಳಿಯಬೇಕು. ನಮ್ಮ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಗ್ಲೈಕೊಜನ್ ಎಂಬ ಪಿಷ್ಟದ ಸಂಗ್ರಹವು ಸುಮಾರು ಅರ್ಧ ಕಿಲೋದಷ್ಟಿರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆಯಲ್ಲಿ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಅನ್ನ ಬಿಟ್ಟಾಗ ಮೊದಲು ಬರಿದಾಗುವುದು ಈ ಉಗ್ರಾಣ. ಆದುದರಿಂದ ಮೊದಲ ವಾರದ ಇಳಿತದಲ್ಲಿ ಕೊಬ್ಬಿಗಿಂತ ನೀರೇ ಹೆಚ್ಚು. ಮತ್ತೆ ಒಂದೆರಡು ದಿನ ಅನ್ನ ಉಂಡರೆ ಆ ನೀರು ಮರಳಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ವರ್ಷಗಳು ಕಳೆದ ಮೇಲೆ ಏನಾಗುತ್ತದೆ? ಇದನ್ನು ಪಾಶ್ಚಾತ್ಯ ವೈದ್ಯರು ಬಹಳ ಶ್ರಮವಹಿಸಿ ಪರೀಕ್ಷಿಸಿದ್ದಾರೆ. ೨೦೦೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೬೩ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಿಷ್ಟ ಕಡಿಮೆ ಮಾಡಿದ ಆಹಾರವನ್ನೂ ಇನ್ನೊಂದಕ್ಕೆ ಜಿಡ್ಡು ಕಡಿಮೆ ಮಾಡಿದ ಆಹಾರವನ್ನೂ ಗೊತ್ತುಮಾಡಿದರು. ಆರು ತಿಂಗಳಲ್ಲಿ ಮೊದಲನೆಯ ಗುಂಪಿನವರು ನೂರಕ್ಕೆ ಏಳರಷ್ಟು, ಎರಡನೆಯವರು ಮೂರರಷ್ಟು ತೂಕವನ್ನು ಕಳೆದುಕೊಂಡರು. ವರ್ಷ ತುಂಬುವ ವೇಳೆಗೆ ಈ ಅಂತರವು ಎಣಿಸತಕ್ಕಷ್ಟು ಉಳಿದಿರಲಿಲ್ಲ. ೨೦೧೮ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೬೦೯ ಜನರನ್ನು ಹೀಗೆಯೇ ಒಂದು ವರ್ಷ ನೋಡಿದರು. ಪಿಷ್ಟ ಬಿಟ್ಟವರು ಸರಾಸರಿ ಆರು ಕಿಲೋ, ಜಿಡ್ಡು ಬಿಟ್ಟವರು ಐದು ಕಿಲೋಗಿಂತ ಸ್ವಲ್ಪ ಹೆಚ್ಚು ಇಳಿದಿದ್ದರು. ಆದರೆ ಒಂದೊಂದು ಗುಂಪಿನೊಳಗೇ ಇಪ್ಪತ್ತು ಕಿಲೋಗಿಂತ ಹೆಚ್ಚು ಇಳಿದವರೂ ಇದ್ದರು, ತೂಕ ಏರಿಸಿಕೊಂಡವರೂ ಇದ್ದರು. ಪಥ್ಯ ಪಥ್ಯಕ್ಕೆ ಇರುವ ಭೇದಕ್ಕಿಂತ ಮನುಷ್ಯ ಮನುಷ್ಯನಿಗೆ ಇರುವ ಭೇದವೇ ದೊಡ್ಡದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪಿಷ್ಟವೇ ಹಸಿವಿನ ಮೂಲವೆಂದು ಸಾಧಿಸುವವರೂ ಇದ್ದಾರೆ. ಇದಕ್ಕೆ ಉತ್ತರವಾಗಿ ೨೦೨೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ಹೇಳಬಹುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬವರೂ ಅವರ ಸಹೋದ್ಯೋಗಿಗಳೂ ೨೦ ಜನರನ್ನು ಒಳಗೇ ಇರಿಸಿಕೊಂಡು, ಎರಡು ವಾರ ಮಾಂಸ ಮೊಟ್ಟೆಗಳ ಅಲ್ಪಪಿಷ್ಟದ ಊಟವನ್ನೂ ಎರಡು ವಾರ ಧಾನ್ಯ, ತರಕಾರಿಗಳ ಅಲ್ಪಜಿಡ್ಡಿನ ಊಟವನ್ನೂ ಬೇಕಾದಷ್ಟು ಬಡಿಸಿದರು. ಪಿಷ್ಟವೇ ಹೆಚ್ಚಾಗಿದ್ದ ಊಟದಲ್ಲಿ ಜನರು ದಿನಕ್ಕೆ ಸುಮಾರು ೬೯೦ ಕ್ಯಾಲೊರಿ ಕಡಿಮೆ ಉಂಡರು. ಆದರೂ ಹಸಿವು ಹೆಚ್ಚಾಯಿತೆಂದು ಹೇಳಲಿಲ್ಲ. ಆದುದರಿಂದ ಪಿಷ್ಟವೊಂದನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಈಗ ಆ ಗೃಹಿಣಿಯ ಪ್ರಶ್ನೆಗೆ ಬರೋಣ. ಹೋದ ಹಸಿವು ಮರಳಿ ಬಂದದ್ದೇಕೆ? ದೇಹದ ಕೊಬ್ಬು ಎಂಬುದು ಸುಮ್ಮನೆ ಬಿದ್ದಿರುವ ಹೊರೆಯಲ್ಲ. ಅದು ಲೆಪ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು, ಉಗ್ರಾಣದಲ್ಲಿ ದಾಸ್ತಾನು ಎಷ್ಟಿದೆಯೆಂದು ಮೆದುಳಿಗೆ ವರದಿ ಕಳುಹಿಸುತ್ತಿರುತ್ತದೆ. ಇದು ೧೯೯೪ರಲ್ಲಿ ತಿಳಿದುಬಂದಿತು. ಜಠರವು ಗ್ರೆಲಿನ್ ಎಂಬ ಇನ್ನೊಂದು ರಸದಿಂದ ಹಸಿವನ್ನು ಸಾರುತ್ತದೆ. ಇದನ್ನು ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಮೈ ಕರಗಿದಾಗ ಲೆಪ್ಟಿನ್ ಇಳಿಯುತ್ತದೆ, ಗ್ರೆಲಿನ್ ಏರುತ್ತದೆ. ಕ್ಷಾಮ ಬಂದಿತೆಂದು ಮೆದುಳು ತಿಳಿಯುತ್ತದೆ. ಆಸ್ಟ್ರೇಲಿಯ ದೇಶದ ಮೆಲ್ಬರ್ನಿನಲ್ಲಿ ೫೦ ಜನರಿಗೆ ಹತ್ತು ವಾರ ಕಠಿನ ಪಥ್ಯ ಮಾಡಿಸಿ, ಒಂದು ವರ್ಷ ಕಳೆದ ಮೇಲೆ ಅವರ ರಕ್ತವನ್ನು ಪರೀಕ್ಷಿಸಿದರು. ತೂಕದಲ್ಲಿ ಒಂದು ಭಾಗವು ಆಗಲೇ ಮರಳಿ ಬಂದಿತ್ತು; ಆದರೂ ಹಸಿವಿನ ರಸಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ, ಹಸಿವೂ ಮೊದಲಿಗಿಂತ ಹೆಚ್ಚಾಗಿಯೇ ಇತ್ತು. ಇದು ೨೦೧೧ರಲ್ಲಿ ಪ್ರಕಟವಾಯಿತು.

ಈ ಹಸಿವಿಗೆ ಒಂದು ಲೆಕ್ಕವನ್ನೂ ಹಾಕಿದ್ದಾರೆ. ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ೨೦೧೬ರಲ್ಲಿ ತೋರಿಸಿರುವ ಪ್ರಕಾರ, ಇಳಿದ ಒಂದೊಂದು ಕಿಲೋವಿಗೂ ದೇಹದ ವೆಚ್ಚವು ದಿನಕ್ಕೆ ಇಪ್ಪತ್ತು ಮೂವತ್ತು ಕ್ಯಾಲೊರಿಯಷ್ಟು ತಗ್ಗುತ್ತದೆ; ಆದರೆ ಉಣ್ಣಬೇಕೆಂಬ ಬಯಕೆಯು ದಿನಕ್ಕೆ ನೂರು ಕ್ಯಾಲೊರಿಯಷ್ಟು ಏರುತ್ತದೆ. ಐದು ಕಿಲೋ ಇಳಿದವರನ್ನು ದೇಹವು ಪ್ರತಿದಿನವೂ ಮೊದಲಿಗಿಂತ ಐನೂರು ಕ್ಯಾಲೊರಿ ಹೆಚ್ಚು ಕೇಳುತ್ತದೆ; ಎಂದರೆ ಒಂದು ಹೊತ್ತಿನ ಊಟ. ಇಂದು ತಡೆದರೆ ನಾಳೆ ಕೇಳುತ್ತದೆ, ನಾಳೆ ತಡೆದರೆ ನಾಡಿದ್ದು ಕೇಳುತ್ತದೆ. ಪಥ್ಯದ ಮೊದಲ ಹುರುಪಿನಲ್ಲಿ, ಕೀಟೋನ್‌ಗಳ ಬೆಂಬಲವಿದ್ದಾಗ, ಈ ಕೂಗು ಕೇಳಿಸುವುದಿಲ್ಲ. ಹಬ್ಬ ಬಂದು, ನೆಂಟರು ಬಂದು, ಪಥ್ಯವು ಒಂದಿಷ್ಟು ಸಡಿಲವಾದೊಡನೆ ಬೆಂಬಲವು ಹೋಗಿ ಕೂಗು ಮಾತ್ರ ಉಳಿಯುತ್ತದೆ. ಆಕೆಗೆ ಆದದ್ದು ಇದೇ ಎಂದು ನಾವು ತಿಳಿಯುತ್ತೇವೆ.

ಹಸಿವಿನ ಮುಂದೆ ಮನೋಬಲವು ಎಷ್ಟು ಮಾತ್ರದ್ದೆಂಬುದಕ್ಕೆ ೧೯೪೪–೪೫ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಯೋಗವು ಸಾಕ್ಷಿಯಾಗಿದೆ. ಯುದ್ಧದಲ್ಲಿ ಆಯುಧ ಹಿಡಿಯಲು ಧರ್ಮಬುದ್ಧಿಯಿಂದ ಒಪ್ಪದಿದ್ದ ೩೬ ಮಂದಿ ಯುವಕರು, ಕ್ಷಾಮಪೀಡಿತರಿಗೆ ಉಪಕಾರವಾಗಲೆಂದು, ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ ಆರು ತಿಂಗಳು ಅರೆಹೊಟ್ಟೆಯಲ್ಲಿರಲು ತಾವಾಗಿಯೇ ಮುಂದೆ ಬಂದರು. ನಂಬಿದ ತತ್ತ್ವಕ್ಕಾಗಿ ಲೋಕನಿಂದೆಯನ್ನು ಸಹಿಸಿದ ದೃಢಚಿತ್ತರು ಅವರು. ತೂಕದಲ್ಲಿ ಸುಮಾರು ಕಾಲುಭಾಗ ಇಳಿಯುವ ವೇಳೆಗೆ ಅವರಿಗೆ ಊಟದ ಹೊರತು ಬೇರೆ ಚಿಂತೆಯೇ ಇಲ್ಲವಾಯಿತು. ಅಡಿಗೆಯ ಪುಸ್ತಕಗಳನ್ನು ಕತೆಯ ಪುಸ್ತಕಗಳಂತೆ ಓದುತ್ತಿದ್ದರು. ಮತ್ತೆ ಊಟ ಸಿಕ್ಕಿದಾಗ ಹೊಟ್ಟೆ ಬಿರಿಯುವಂತೆ ಉಂಡರೂ ತೃಪ್ತಿಯು ಬಹುಕಾಲ ಬರಲಿಲ್ಲ. ಇಂಥವರಿಗೇ ಹೀಗಾದರೆ, ಮೂರು ಹೊತ್ತೂ ಅಡಿಗೆಮನೆಯಲ್ಲಿ ನಿಂತು ಮನೆಮಂದಿಗೆಲ್ಲ ಬಡಿಸುವ ಗೃಹಿಣಿಯನ್ನು ನಾಲಗೆಯ ಚಪಲದವಳೆಂದು ಹಂಗಿಸುವುದು ಎಷ್ಟು ಅನ್ಯಾಯ!

ಇತ್ತೀಚೆಗೆ ಬಂದಿರುವ ಔಷಧಗಳೂ ಇದೇ ಮಾತನ್ನು ಹೇಳುತ್ತವೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಗ್ಲುಟೈಡ್ ಎಂಬ ಔಷಧವು ಮುಖ್ಯವಾಗಿ ಹಸಿವನ್ನು ಅಡಗಿಸಿಯೇ ಕೆಲಸ ಮಾಡುತ್ತದೆ. ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ೬೮ ವಾರ ತೆಗೆದುಕೊಂಡವರು ಸರಾಸರಿ ನೂರಕ್ಕೆ ಹದಿನೈದರಷ್ಟು ಇಳಿದರು. ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ ಇಳಿದದ್ದರಲ್ಲಿ ಮೂರನೆಯ ಎರಡು ಪಾಲು ಮರಳಿ ಬಂದಿತು. ಔಷಧ ಹೋಯಿತು, ಹಸಿವು ಬಂದಿತು, ತೂಕವೂ ಬಂದಿತು. ಮನಸ್ಸಿನ ದೌರ್ಬಲ್ಯದ ಮಾತು ಇಲ್ಲಿ ಎಲ್ಲಿಯದು?

ಇಷ್ಟನ್ನು ಓದಿ, ಹಾಗಾದರೆ ಪ್ರಯತ್ನವೇ ವ್ಯರ್ಥವೆಂದು ಯಾರೂ ನಿರಾಶರಾಗಬೇಕಾಗಿಲ್ಲ. ಇಳಿದ ತೂಕವನ್ನು ಕಾಪಾಡಿಕೊಂಡವರೂ ಲೋಕದಲ್ಲಿದ್ದಾರೆ. ಅಂಥವರ ವಿವರಗಳನ್ನು ಅಮೆರಿಕದಲ್ಲಿ ೧೯೯೪ರಿಂದ ಒಂದು ದಾಖಲೆಯಲ್ಲಿ ಸಂಗ್ರಹಿಸಿದ್ದಾರೆ. ಹದಿಮೂರೂವರೆ ಕಿಲೋಗಿಂತ ಹೆಚ್ಚು ಇಳಿದು, ಒಂದು ವರ್ಷವಾದರೂ ಹಾಗೆಯೇ ಉಳಿದವರಿಗೆ ಮಾತ್ರ ಅದರಲ್ಲಿ ಸ್ಥಾನ. ಅವರು ಇಳಿದ ದಾರಿಗಳು ಬೇರೆ ಬೇರೆ. ಉಳಿಸಿಕೊಂಡ ದಾರಿಯಲ್ಲಿ ಮಾತ್ರ ಹೋಲಿಕೆಯುಂಟು. ದಿನಕ್ಕೆ ಸುಮಾರು ಒಂದು ಗಂಟೆಯ ಕಾಲ ನಡೆಯುವುದೋ ದುಡಿಯುವುದೋ, ಆಗಾಗ್ಗೆ ತೂಕ ನೋಡಿಕೊಳ್ಳುವುದು, ವಾರದ ದಿನಕ್ಕೂ ಹಬ್ಬದ ದಿನಕ್ಕೂ ಊಟದಲ್ಲಿ ಬಹಳ ವ್ಯತ್ಯಾಸ ಮಾಡದಿರುವುದು, ಇವೇ ಅವರ ಸಾಮಾನ್ಯ ಅಭ್ಯಾಸಗಳು.

ನಮ್ಮ ದೇಶದ ಊಟಕ್ಕೆ ಬಂದರೆ, ಪಿಷ್ಟವನ್ನು ಕಡಿಮೆ ಮಾಡಬೇಕೆಂಬ ಮಾತಿನಲ್ಲಿ ತಥ್ಯವು ಇಲ್ಲದೆ ಇಲ್ಲ. ಭಾರತೀಯರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ನೂರಕ್ಕೆ ೬೨ ಪಾಲು ಶರ್ಕರಪಿಷ್ಟದಿಂದಲೇ ಬರುತ್ತದೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೫ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೪ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಧಾನ್ಯಗಳಿಂದ ಬರುವ ಶಕ್ತಿಯು ನೂರಕ್ಕೆ ೪೫ನ್ನು ಮೀರದಿರಲಿ ಎಂದಿದ್ದಾರೆ. ಅನ್ನವನ್ನು ಬಿಟ್ಟು ಮುದ್ದೆ ಉಂಡರೆ ಸಾಕೆಂದು ನಮ್ಮಲ್ಲಿ ಅನೇಕರ ಭಾವನೆ. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟವು ಸುಮಾರು ೭೮ ಗ್ರಾಂ ಇದ್ದರೆ ರಾಗಿಯಲ್ಲಿ ಸುಮಾರು ೬೭ ಗ್ರಾಂ ಇದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು. ಅದು ಉತ್ತಮ ಧಾನ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡು ಸೌಟು ಅನ್ನದ ಬದಲು ಎರಡು ದೊಡ್ಡ ಮುದ್ದೆ ನುಂಗಿದರೆ ಮೈ ಇಳಿಯುವುದೆಂತು?

ಆದುದರಿಂದ ಗೃಹಿಣಿಯರಿಗೆ ನಮ್ಮ ಸೂಚನೆ ಇಷ್ಟು. ಅನ್ನವನ್ನು ಪೂರ್ತಿಯಾಗಿ ಬಿಡುವ ವ್ರತಕ್ಕಿಂತ, ಹತ್ತು ವರ್ಷ ನಡೆಸಬಲ್ಲ ಸಣ್ಣ ಬದಲಾವಣೆಯು ಮೇಲು. ಎಲೆಗೆ ಮೊದಲು ಪಲ್ಯ, ಕೋಸಂಬರಿಗಳು ಬೀಳಲಿ. ಅನ್ನವು ಆಮೇಲೆ ಬರಲಿ, ಒಂದು ಸೌಟು ಕಡಿಮೆ ಬರಲಿ. ತಿಳಿಸಾರಿನ ಬದಲು ಗಟ್ಟಿಯಾದ ಬೇಳೆಯ ಹುಳಿ, ಮೊಳಕೆಕಾಳಿನ ಸಾರು, ಹುರುಳಿ, ಹೆಸರು, ಕಡಲೆ ಇವು ಹೆಚ್ಚಲಿ. ಒಣಗಿದ ಬೇಳೆಯಲ್ಲಿ ಸಸಾರಜನಕವು ಅಕ್ಕಿಯಲ್ಲಿರುವುದರ ಎರಡೂವರೆ ಮೂರು ಪಟ್ಟು ಇದೆ. ಉಣ್ಣುವವರಿಗೆ ಮೊಟ್ಟೆ, ಮೀನುಗಳೂ ಒಳ್ಳೆಯವು. ದಿನಕ್ಕೆ ನಾಲ್ಕು ಸಲದ ಕಾಫಿಯ ಸಕ್ಕರೆಯನ್ನೂ ಸಂಜೆಯ ಬಿಸ್ಕತ್ತನ್ನೂ ಬಿಟ್ಟರೆ ಊಟದ ಅನ್ನಕ್ಕೆ ಕೈ ಹಾಕುವ ಮೊದಲೇ ಅರ್ಧ ಕೆಲಸವಾಗಿರುತ್ತದೆ. ಏಕಾದಶಿಯ ಉಪವಾಸವೆಂದು ಅವಲಕ್ಕಿ, ಉಪ್ಪಿಟ್ಟು, ಸಾಬಕ್ಕಿ ಪಾಯಸಗಳನ್ನು ಊಟಕ್ಕಿಂತ ಹೆಚ್ಚಾಗಿ ಸೇವಿಸುವ ಪದ್ಧತಿಯನ್ನು ಕುರಿತು ನಾವು ಹೆಚ್ಚಾಗಿ ಹೇಳಬೇಕಾಗಿಲ್ಲ.

ಹಸಿವನ್ನು ಶತ್ರುವೆಂದು ತಿಳಿದು ಕಾದಾಡುವುದಕ್ಕಿಂತ, ಅದು ಮರಳಿ ಬರುವ ಅತಿಥಿಯೆಂದು ತಿಳಿದು ಅದಕ್ಕೆ ಬೇಕಾದದ್ದನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುವುದು ಜಾಣತನ. ಹೀಗೆ ಮಾಡಿದರೆ ವರ್ಷಕ್ಕೆ ಇಳಿಯುವುದು ಮೂರು ನಾಲ್ಕು ಕಿಲೋ ಇರಬಹುದು. ಅದು ಅಲ್ಪವೆಂದು ತಿಳಿಯಬಾರದು; ಉಳಿಯುವ ಮೂರು ಕಿಲೋ ಓಡಿಹೋಗುವ ಒಂಬತ್ತಕ್ಕಿಂತ ದೊಡ್ಡದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳತಕ್ಕದ್ದು ನಮ್ಮ ಕರ್ತವ್ಯ. ಸಿಹಿಮೂತ್ರರೋಗಕ್ಕೆ ಇನ್ಸುಲಿನ್ ಅಥವಾ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವವರು ಇದ್ದಕ್ಕಿದ್ದಂತೆ ಅನ್ನ ಬಿಟ್ಟರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಮೂತ್ರಪಿಂಡದ ರೋಗವುಳ್ಳವರೂ ಗರ್ಭಿಣಿಯರೂ ಮೊಲೆಯುಣಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಇಂಥ ಪಥ್ಯಕ್ಕೆ ಕೈಹಾಕಕೂಡದು. ಬೆಳೆಯುವ ಮಕ್ಕಳಿಗಂತೂ ಇದು ಸಲ್ಲದು.

ಕೊನೆಯದಾಗಿ, ಈ ಲೇಖನವನ್ನು ಓದುವ ಅತ್ತೆಯರಿಗೆ, ಗಂಡಂದಿರಿಗೆ, ಅಣ್ಣತಮ್ಮಂದಿರಿಗೆ ಒಂದು ಮಾತು. ಮನೆಯಲ್ಲಿ ಒಬ್ಬರು ಮೈ ಇಳಿಸಲು ಯತ್ನಿಸುತ್ತಿದ್ದರೆ, ಇಳಿದಾಗ ಮಿತಿಮೀರಿ ಹೊಗಳುವುದೂ ಬೇಡ, ಏರಿದಾಗ ನಗುವುದೂ ಬೇಡ. ಒಬ್ಬರಿಗೆ ಬೇರೆ ಅಡಿಗೆ, ಮಿಕ್ಕವರಿಗೆ ಬೇರೆ ಅಡಿಗೆ ಎಂಬ ಏರ್ಪಾಡು ಬಹಳ ದಿನ ನಡೆಯಲಾರದು. ಬೇಳೆ ತರಕಾರಿಗಳು ಹೆಚ್ಚಾದ ಊಟವು ಮನೆಮಂದಿಗೆಲ್ಲ ಹಿತಕರವಾದ್ದರಿಂದ ಎಲ್ಲರೂ ಅದನ್ನೇ ಉಣ್ಣಲಿ. ಸಂಜೆ ಒಬ್ಬರು ನಡೆಯಲು ಹೊರಟರೆ ಇನ್ನೊಬ್ಬರು ಜೊತೆಯಲ್ಲಿ ಹೋಗಲಿ. ಅಷ್ಟು ಹೊತ್ತು ಒಲೆಯ ಮುಂದೆ ಮತ್ತೊಬ್ಬರು ನಿಲ್ಲಲಿ.

“ಊಟ ಬಲ್ಲವನಿಗೆ ರೋಗವಿಲ್ಲ” ಎಂದು ನಮ್ಮ ಹಿರಿಯರು ಹೇಳಿದರು. ಊಟ ಬಿಟ್ಟವನಿಗೆ ಎಂದು ಹೇಳಲಿಲ್ಲ. ಆ ಗೃಹಿಣಿಗೆ ನಾವು ಕೊಡುವ ಉತ್ತರವೂ ಇದೇ: ತಾಯಿ, ನೀವು ಸೋತದ್ದು ನಾಲಗೆಗೆ ಅಲ್ಲ; ನಿಮ್ಮನ್ನು ಕಾಪಾಡಲು ನಿಮ್ಮ ದೇಹವೇ ಹೂಡಿದ ಹಟಕ್ಕೆ. ಇದನ್ನು ತಿಳಿದು, ನಾಚಿಕೆಯನ್ನು ಬಿಟ್ಟು, ಈ ಸಲ ನಿಧಾನವಾಗಿ ತೊಡಗಿರಿ. ಈ ಪುಟವು ಆಕೆಯ ಕೈಗೂ ಸೋದರತ್ತೆಯವರ ಕೈಗೂ ಸೇರಿದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.